ಗ್ರಹಾಂ ಗ್ರೀನ್ ಸಹಿ: ಪತ್ರ ತಗೊಳ್ಳಲಾ, ಪುಸ್ತಕ ತಗೊಳ್ಳಲಾ?

ಕುಕ್ಕರಹಳ್ಳಿ

ಎಲ್ಲರಿಗೂ ನಮಸ್ಕಾರ. ನನ್ನ ಊರು ಮೈಸೂರು, ಕೆಲಸ ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಹಳೇ ಪುಸ್ತಕದ ಅಂಗಡಿ ಸುತ್ತುವ ಚಟ ಮೊದಲಿನಿಂದಲೂ ಇದೆ. ಆದರೆ ಲೇಖಕರ ಸಹಿ ಇರುವ ವಸ್ತು ಇದುವರೆಗೆ ಕೊಂಡಿಲ್ಲ.

ಇಲ್ಲಿ ಹತ್ತಿರದ ಊರಿನ ಅಂಗಡಿಯಲ್ಲಿ ಎರಡು ವಸ್ತು ಕಣ್ಣಿಗೆ ಬಿದ್ದಿವೆ. ಒಂದು, ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್ 1978ರಲ್ಲಿ ಯಾರೋ ಓದುಗರಿಗೆ ಕಳಿಸಿದ ಪತ್ರ. ಟೈಪ್ ಮಾಡಿದ್ದು, ಒಂದೇ ಹಾಳೆ, ಐದಾರು ಸಾಲು. ಪುಸ್ತಕ ಮೆಚ್ಚಿ ಬರೆದವರಿಗೆ ಕೊಟ್ಟ ಸಾಧಾರಣ ಉತ್ತರ. ಮೇಲೆ ಫ್ರಾನ್ಸಿನ ಆಂಟೀಬ್ ವಿಳಾಸ, ಕೆಳಗೆ ಪುಟ್ಟ ಸಹಿ. 380 ಪೌಂಡ್ ಹೇಳುತ್ತಿದ್ದಾರೆ. ಇನ್ನೊಂದು, ಅದೇ ವರ್ಷ ಬಂದ 'ದಿ ಹ್ಯೂಮನ್ ಫ್ಯಾಕ್ಟರ್' ಕಾದಂಬರಿಯ ಮೊದಲ ಮುದ್ರಣ. ಶೀರ್ಷಿಕೆ ಪುಟದಲ್ಲಿ ಸಹಿ. ಅದಕ್ಕೆ 420. ಎರಡೂ ತಗೊಳ್ಳುವಷ್ಟು ದುಡ್ಡಿಲ್ಲ.

ಗ್ರೀನೇ ಯಾಕೆ ಅಂದರೆ, ಆರ್.ಕೆ. ನಾರಾಯಣ್ ಓದಿ ಬೆಳೆದವನು ನಾನು. ಅವರ ಮೊದಲ ಕಾದಂಬರಿ ಅಚ್ಚಾದದ್ದೇ ಗ್ರೀನ್ ಕೈಹಿಡಿದದ್ದರಿಂದ. ಹಾಗಾಗಿ ಈ ಮನುಷ್ಯ ನನಗೆ ಮೈಸೂರಿನ ನೆಂಟರ ಹಾಗೆ ಕಾಣಿಸುತ್ತಾರೆ.

ಯಾವುದು ತಗೊಳ್ಳಲಿ? ಪತ್ರವೋ ಪುಸ್ತಕವೋ?

ಹಳೇಸಂತೆ

ಅವಸರ ಬೇಡ. ಮೊದಲು ಆ ಪತ್ರದ ಹಿಂದಿನ ಕಥೆ ಕೇಳಿ.

ಗ್ರೀನ್ 1966ರಲ್ಲಿ ಇಂಗ್ಲೆಂಡ್ ಬಿಟ್ಟು ಫ್ರಾನ್ಸಿಗೆ ಹೋದರು. ಪತ್ರ ಬರೆಯುವುದು ಮಾತ್ರ ಬಿಡಲಿಲ್ಲ, ಬಿಡುವಂತೆಯೂ ಇರಲಿಲ್ಲ. ಅಷ್ಟು ಪತ್ರ ಬರುತ್ತಿದ್ದವು. ಅದಕ್ಕೆ ಅವರು ಮಾಡಿಕೊಂಡ ಉಪಾಯ ಇದು: ಹೇಳಬೇಕಾದ್ದನ್ನು ಡಿಕ್ಟಫೋನ್ ಅನ್ನುವ ಧ್ವನಿಮುದ್ರಣ ಯಂತ್ರಕ್ಕೆ ಹೇಳಿ ಇಂಗ್ಲೆಂಡಿಗೆ ಕಳಿಸುತ್ತಿದ್ದರು. ಖಾಲಿ ಹಾಳೆಗಳ ಕೆಳಗೆ ಮೊದಲೇ ಸಹಿ ಹಾಕಿ ಕೊಟ್ಟಿರುತ್ತಿದ್ದರು. ಇಂಗ್ಲೆಂಡಿನಲ್ಲಿ ಅದನ್ನು ಕೇಳಿಸಿಕೊಂಡು, ಸಹಿಯ ಮೇಲಿನ ಜಾಗದಲ್ಲಿ ಟೈಪ್ ಮಾಡಿ, ಅಂಚೆಗೆ ಹಾಕುತ್ತಿದ್ದರು. ಮೊದಲು ಈ ಕೆಲಸ ಸೆಕ್ರೆಟರಿಯದು. 1975ರಿಂದ ಈಚೆಗೆ ಅವರ ತಂಗಿ ಎಲಿಜಬೆತ್ ಡೆನ್ನಿಸ್ ಅವರದು.

ಅಂದರೆ 1978ರ ನಿಮ್ಮ ಪತ್ರದ ಸಹಿ ಅಸಲಿ, ಮಾತೂ ಅವರದೇ. ಆದರೆ ಟೈಪ್ ಆದ ಆ ಹಾಳೆಯನ್ನು ಅವರು ಕಣ್ಣಿಂದ ನೋಡಿಲ್ಲದೆ ಇರಬಹುದು. ಇಂಥದ್ದಕ್ಕೆ 380 ಜಾಸ್ತಿ ಅನ್ನುವುದು ನನ್ನ ಅಭಿಪ್ರಾಯ. ಅಂಗಡಿಯವರು ಇದನ್ನು ಹೇಳಿದರಾ?

ಕುಕ್ಕರಹಳ್ಳಿ

ಇಲ್ಲ! 'ಟಿ.ಎಲ್.ಎಸ್.' ಅಂತ ಚೀಟಿ ಅಂಟಿಸಿದ್ದರು ಅಷ್ಟೇ. ಅಂದರೆ ಟೈಪ್ ಮಾಡಿ ಸಹಿ ಹಾಕಿದ ಪತ್ರ ಅಂತ ತಿಳಿದುಕೊಂಡೆ. ಇಲ್ಲಿ ನೋಡಿದರೆ ಸಹಿ ಹಾಕಿ ಆಮೇಲೆ ಟೈಪ್ ಮಾಡಿದ ಪತ್ರ ಆಯಿತಲ್ಲ.

ಕಡಲತಡಿ

ಮಾರಾಯ್ರೇ, ನಲವತ್ತು ಸಾವಿರ ರೂಪಾಯಿಗೆ ಐದು ಸಾಲು, ಅದೂ ಅವರೇ ನೋಡದ ಸಾಲು! ಆ ದುಡ್ಡಿಗೆ ಗ್ರೀನ್ ಬರೆದ ಎಲ್ಲ ಪುಸ್ತಕ ಬರುತ್ತದೆ, ಇಡುವುದಕ್ಕೆ ಒಂದು ಕಪಾಟೂ ಬರುತ್ತದೆ. ಓದುವುದಕ್ಕೆ ಸಹಿ ಯಾಕೆ ಬೇಕು?

ಹಳೇಸಂತೆ

ಓದುವುದಕ್ಕೆ ಬೇಡ. ಅದನ್ನು ಯಾರೂ ಹೇಳುತ್ತಿಲ್ಲ.

ಪತ್ರ, ಪುಸ್ತಕ ಎರಡಕ್ಕೂ ಬೆಲೆ ಹೇಗೆ ಕಟ್ಟುತ್ತಾರೆ ಅಂತ ಹೇಳುತ್ತೇನೆ, ಆಮೇಲೆ ನೀವೇ ತೀರ್ಮಾನ ಮಾಡಿ. ಪುಸ್ತಕದಲ್ಲಿ ಬರೀ ಸಹಿ ಇದ್ದರೆ ಒಂದು ಬೆಲೆ. 'ಇಂಥವರಿಗೆ' ಅಂತ ಬರೆದು ಸಹಿ ಹಾಕಿದ್ದರೆ, ಆ ಇಂಥವರು ಯಾರು ಅನ್ನುವುದರ ಮೇಲೆ ಬೆಲೆ. ಯಾರೋ ಅಪರಿಚಿತರಾದರೆ ಈಗಿನ ಸಂತೆಯಲ್ಲಿ ಬರೀ ಸಹಿಗಿಂತ ಕಡಿಮೆಯೇ ಸಿಗುವುದುಂಟು. ಲೇಖಕರ ಗೆಳೆಯ, ಪ್ರಕಾಶಕ, ಎದುರಾಳಿ, ಇಂಥವರಾದರೆ ಬೆಲೆ ಏಕ್‌ದಂ ಏರುತ್ತದೆ. ಅದನ್ನೇ 'ಅಸೋಸಿಯೇಷನ್ ಕಾಪಿ' ಅನ್ನುತ್ತಾರೆ. ಯೋಚನೆ ಮಾಡಿ, ಗ್ರೀನ್ ಸಹಿ ಹಾಕಿ ನಾರಾಯಣ್‌ಗೆ ಕೊಟ್ಟ ಪುಸ್ತಕ ಹರಾಜಿಗೆ ಬಂದರೆ ನಮ್ಮಂಥವರು ಹಿಂದಿನ ಬೆಂಚಿನಲ್ಲಿ ಕೂತು ನೋಡಬೇಕಷ್ಟೇ.

ಪತ್ರದಲ್ಲಿ ಪೂರ್ತಿ ಕೈಬರಹದ್ದಕ್ಕೆ ಮೊದಲ ಮಣೆ, ಟೈಪ್ ಮಾಡಿದ್ದಕ್ಕೆ ಎರಡನೆಯದು. ಆದರೆ ಅದಕ್ಕಿಂತ ಮುಖ್ಯ ಒಳಗೆ ಏನಿದೆ ಅನ್ನುವುದು. 'ಗುರುವಾರ ಊಟಕ್ಕೆ ಬರಲಾಗದು' ಅನ್ನುವ ಕೈಬರಹದ ಚೀಟಿಗಿಂತ, ತನ್ನ ಕಾದಂಬರಿಯ ಪಾತ್ರವೊಂದು ಹೇಗೆ ಹುಟ್ಟಿತು ಅಂತ ಹೇಳುವ ಟೈಪ್ ಪತ್ರಕ್ಕೆ ನಾನು ಹೆಚ್ಚು ಕೊಡುತ್ತೇನೆ.

ಸಾಧನಕೇರಿ

ನಾರಾಯಣ್ ಹೆಸರು ಬಂತಲ್ಲ, ಎರಡು ಮಾತು ಸೇರಿಸುತ್ತೇನೆ. ಇಂಗ್ಲಿಷ್ ಪಾಠ ಹೇಳುವವಳು ನಾನು, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

'ಸ್ವಾಮಿ ಅಂಡ್ ಫ್ರೆಂಡ್ಸ್' ಹಸ್ತಪ್ರತಿ ಲಂಡನ್ನಿನ ಪ್ರಕಾಶಕರಿಂದ ಒಂದಾದ ಮೇಲೊಂದು ವಾಪಸ್ ಬರುತ್ತಿತ್ತು. ಆಕ್ಸ್‌ಫರ್ಡ್‌ನಲ್ಲಿದ್ದ ನಾರಾಯಣ್ ಗೆಳೆಯ ಕಿಟ್ಟು ಪೂರ್ಣ ಅವರ ಕೈಗೆ ಅದು ಸೇರಿತ್ತು. ಕಲ್ಲು ಕಟ್ಟಿ ಥೇಮ್ಸ್ ನದಿಗೆ ಹಾಕಿಬಿಡು ಅಂತ ನಾರಾಯಣ್ ಬೇಸತ್ತು ಬರೆದಿದ್ದರು. ಪೂರ್ಣ ನದಿಗೆ ಹಾಕಲಿಲ್ಲ, ಗ್ರೀನ್‌ಗೆ ಕೊಟ್ಟರು. ಗ್ರೀನ್ ಓದಿ, ಹೆಸರು ಬದಲಾಯಿಸಲು ಸಲಹೆ ಕೊಟ್ಟು, ಹ್ಯಾಮಿಶ್ ಹ್ಯಾಮಿಲ್ಟನ್ ಪ್ರಕಾಶನದಿಂದ 1935ರಲ್ಲಿ ಹೊರಬರುವ ಹಾಗೆ ಮಾಡಿದರು. 1937ರ 'ದಿ ಬ್ಯಾಚುಲರ್ ಆಫ್ ಆರ್ಟ್ಸ್'ಗೆ ಮುನ್ನುಡಿಯನ್ನೂ ಬರೆದರು. ತಮಾಷೆ ನೋಡಿ, ಇಬ್ಬರೂ ಮುಖಾಮುಖಿಯಾದದ್ದು 1956ರಲ್ಲಿ. ಅಲ್ಲಿಯವರೆಗೆ ಇಪ್ಪತ್ತು ವರ್ಷ ಅವರ ಸ್ನೇಹ ನಡೆದದ್ದು ಪೂರ್ತಿ ಅಂಚೆಯ ಮೇಲೆ. ಮೈಸೂರಿಗೂ ಲಂಡನ್ನಿಗೂ ನಡುವೆ ಓಡಾಡಿದ ಪತ್ರಗಳೇ ಆ ಸ್ನೇಹ.

ಹಾಗಾಗಿ ಕಡಲತಡಿಯವರೇ, ಪತ್ರ ಅಂದರೆ ಬರೀ ಸಹಿ ಅಲ್ಲ ರೀ. ಸಹಿಯನ್ನೇ ದೇವರು ಮಾಡಿಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಕಾದಂಬರಿಗಾರ್ತಿ ಷಾರ್ಲಟ್ ಬ್ರಾಂಟಿ ಕಥೆ ಇದೆ. ಆಕೆ 1855ರಲ್ಲಿ ತೀರಿಕೊಂಡ ಮೇಲೆ ಅಭಿಮಾನಿಗಳು ಅಕ್ಷರದ ತುಣುಕಾದರೂ ಕೊಡಿ ಅಂತ ಅಪ್ಪ ಪ್ಯಾಟ್ರಿಕ್ ಬ್ರಾಂಟಿಗೆ ಬರೆಯುತ್ತಿದ್ದರು. ಪಾಪ, ಆ ಮುದುಕ ಮಗಳ ಪತ್ರಗಳನ್ನು ಕತ್ತರಿಯಲ್ಲಿ ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಹಂಚಿದರು. ಈಗ ಸಂಶೋಧಕರು ಆ ಪಟ್ಟಿಗಳನ್ನು ಜೋಡಿಸುತ್ತಾ ಕೂತಿದ್ದಾರೆ.

ಜೇನ್ ಆಸ್ಟಿನ್ ವಿಷಯ ಇನ್ನೂ ಕಷ್ಟ. ಉಳಿದಿರುವುದು ಸುಮಾರು 160 ಪತ್ರ. ಬಹುಪಾಲನ್ನು ಅಕ್ಕ ಕ್ಯಾಸಾಂಡ್ರ ಸುಟ್ಟುಹಾಕಿದರು. ಬದುಕಿದ್ದಾಗ ಬಂದ ಕಾದಂಬರಿಗಳ ಮೇಲೆ ಆಕೆಯ ಹೆಸರೇ ಇರಲಿಲ್ಲ. ಯಾರಾದರೂ 'ಆಸ್ಟಿನ್ ಸಹಿ ಇರುವ ಕಾದಂಬರಿ' ಅಂತ ಮಾರಲು ಬಂದರೆ ನಕ್ಕು ಮುಂದೆ ಹೋಗಿ. ಇನ್ನು ಡಿಕನ್ಸ್, 1860ರಲ್ಲಿ ತಮ್ಮ ಮನೆಯ ಹಿಂದಿನ ಬಯಲಿನಲ್ಲಿ ಬೆಂಕಿ ಹಾಕಿ, ತಮಗೆ ಬಂದಿದ್ದ ಪತ್ರಗಳನ್ನೆಲ್ಲ ಸುಟ್ಟರು. ಆದರೆ ಅವರು ಬೇರೆಯವರಿಗೆ ಬರೆದವು ಅವರ ಕೈಯಲ್ಲಿ ಇರಲಿಲ್ಲವಲ್ಲ! ಅಂಥ 14 ಸಾವಿರಕ್ಕೂ ಹೆಚ್ಚು ಪತ್ರಗಳು ಹನ್ನೆರಡು ಸಂಪುಟಗಳಲ್ಲಿ ಅಚ್ಚಾಗಿವೆ.

ಕಡಲತಡಿ

ಮೇಡಂ, ಕಥೆ ಚೆನ್ನಾಗಿದೆ. ಆದರೆ ಇವೆಲ್ಲ ಲೈಬ್ರರಿಯಲ್ಲಿ ಇರಬೇಕಾದ ವಸ್ತು ಅಲ್ವಾ? ಒಬ್ಬ ದುಡ್ಡಿನವ ಕೊಂಡು ಬೀರುವಿನಲ್ಲಿ ಬೀಗ ಹಾಕಿದರೆ ಯಾರಿಗೆ ಲಾಭ?

ಥೇಮ್ಸ್ ದಂಡೆ

ಇದಕ್ಕೆ ಈಚಿನ ಉದಾಹರಣೆಯೇ ಇದೆ. ಉತ್ತರ ಇಂಗ್ಲೆಂಡಿನ ಗಿರಣಿ ಮಾಲೀಕರ ಮನೆಯೊಂದರ ಸಂಗ್ರಹ, ಹಾನ್ರೆಸ್‌ಫೀಲ್ಡ್ ಲೈಬ್ರರಿ ಅಂತ ಹೆಸರು. ಬ್ರಾಂಟಿ ಸೋದರಿಯರ ಹಸ್ತಪ್ರತಿ, ಆಸ್ಟಿನ್ ಪತ್ರ, ವಾಲ್ಟರ್ ಸ್ಕಾಟ್, ರಾಬರ್ಟ್ ಬರ್ನ್ಸ್ ಎಲ್ಲ ಅದರಲ್ಲಿತ್ತು. ಹತ್ತಾರು ವರ್ಷ ಹೊರಗಿನವರ ಕಣ್ಣಿಗೇ ಬಿದ್ದಿರಲಿಲ್ಲ. 2021ರಲ್ಲಿ ಸದಬೀಸ್ ಅನ್ನುವ ಹರಾಜು ಸಂಸ್ಥೆಯವರು ಹರಾಜಿಗೆ ಇಡುತ್ತೇವೆ ಅಂದಾಗ ಇಲ್ಲಿ ದೊಡ್ಡ ಗಲಾಟೆ ಆಯಿತು. ಹರಾಜು ಮುಂದೆ ಹಾಕಿದರು. ಫ್ರೆಂಡ್ಸ್ ಆಫ್ ದ ನ್ಯಾಷನಲ್ ಲೈಬ್ರರೀಸ್ ಅನ್ನುವ ಸಂಸ್ಥೆ ವರ್ಷದ ಕೊನೆಯೊಳಗೆ ಒಂದೂವರೆ ಕೋಟಿ ಪೌಂಡ್ ಕೂಡಿಸಿತು. ಅರ್ಧ ಹಣವನ್ನು ಶ್ರೀಮಂತ ಉದ್ಯಮಿ ಲೆನರ್ಡ್ ಬ್ಲಾವಟ್ನಿಕ್ ಒಬ್ಬರೇ ಕೊಟ್ಟರು. ಸಂಗ್ರಹ ಈಗ ಲೈಬ್ರರಿಗಳಿಗೆ, ಲೇಖಕರ ಮನೆ-ಮ್ಯೂಸಿಯಂಗಳಿಗೆ ಹಂಚಿಹೋಗಿದೆ.

ಬೀಗ ಹಾಕಿದ್ದರು, ಸರಿ. ಆದರೆ ಆ ಗಿರಣಿಯವರು ಕೊಂಡು ಒಟ್ಟಿಗೆ ಇಟ್ಟಿದ್ದರಿಂದಲೇ ಅದು ಉಳಿಯಿತು ಅಂತಲೂ ಹೇಳಬೇಕಲ್ಲ.

ಕುಕ್ಕರಹಳ್ಳಿ ಅವರೇ, ಕೊಳ್ಳುವ ಜಾಗದ ಬಗ್ಗೆ ಒಂದು ಮಾತು. ಅಂಗಡಿ ಎ.ಬಿ.ಎ. ಸದಸ್ಯರದ್ದಾ ನೋಡಿ. ಹಳೇ ಪುಸ್ತಕ ವ್ಯಾಪಾರಿಗಳ ಸಂಘ ಅದು, 1906ರಿಂದ ಇದೆ. ಸದಸ್ಯರು ನಕಲಿ ಮಾಲು ಮಾರಿದರೆ ವಾಪಸ್ ತಗೊಳ್ಳಲೇಬೇಕು. ಲಂಡನ್ನಿಗೆ ಬಂದರೆ ಸೆಸಿಲ್ ಕೋರ್ಟ್ ಅನ್ನುವ ಗಲ್ಲಿ ಇದೆ, ಚೇರಿಂಗ್ ಕ್ರಾಸ್ ರಸ್ತೆಗೆ ಹೊಂದಿಕೊಂಡೇ. ಎರಡೂ ಬದಿಗೆ ಇಂಥ ಅಂಗಡಿಗಳೇ. ಸುಮ್ನೆ ಕೇಳಿದರೂ ತೆಗೆದು ತೋರಿಸುತ್ತಾರೆ. ಹರಾಜಿನಲ್ಲಿ ಕೂಗುವುದಾದರೆ ಮಾತ್ರ ಹುಷಾರು. ಸುತ್ತಿಗೆ ಬಿದ್ದ ಬೆಲೆಯ ಮೇಲೆ ಹರಾಜಿನವರ ಕಮಿಷನ್ ಕಾಲುಭಾಗದ ಆಸುಪಾಸು, ಅದರ ಮೇಲೆ ತೆರಿಗೆ. ಮುನ್ನೂರಕ್ಕೆ ಸಿಕ್ಕಿತು ಅಂತ ಕುಣಿದವರು ಬಿಲ್ ನೋಡಿ ಕೂತುಬಿಡುತ್ತಾರೆ.

ತಾತನ ಟ್ರಂಕು

ನಕಲಿ ಅಂದಿರಿ. ಗುರುತಿಸುವುದು ಹೇಗೆ? ನಮ್ಮಂಥವರಿಗೆ ಗೊತ್ತಾಗುತ್ತದಾ?

ಹಳೇಸಂತೆ

ಕೆಲವು ಗೊತ್ತಾಗುತ್ತವೆ.

ಮೊದಲನೆಯದು ಪೆನ್ನು. ಇಂಗ್ಲೆಂಡಿನಲ್ಲಿ ಬಾಲ್‌ಪೆನ್ ಅಂಗಡಿಗೆ ಬಂದದ್ದು ಎರಡನೇ ಮಹಾಯುದ್ಧ ಮುಗಿದ ಹೊತ್ತಿಗೆ. 1936ರಲ್ಲಿ ತೀರಿಕೊಂಡ ಕಿಪ್ಲಿಂಗ್ ಬಾಲ್‌ಪೆನ್ನಿನಲ್ಲಿ ಸಹಿ ಹಾಕಿದ್ದರೆ ಅದು ಪವಾಡ. ಎರಡನೆಯದು ಅಚ್ಚಾದ ಸಹಿ. ಭೂತಗನ್ನಡಿ ಹಿಡಿದು ನೋಡಿ. ಇಂಕ್ ಪೆನ್ನಿನ ಗೆರೆ ಒಂದು ಕಡೆ ತೆಳ್ಳಗೆ, ಒಂದು ಕಡೆ ದಪ್ಪ ಇರುತ್ತದೆ. ಗೆರೆ ಮೇಲೆ ಗೆರೆ ಹಾಯ್ದಲ್ಲಿ ಬಣ್ಣ ಗಾಢವಾಗುತ್ತದೆ. ಅಚ್ಚಾದದ್ದರಲ್ಲಿ ಎಲ್ಲ ಒಂದೇ ಸಮ.

ಇದರಲ್ಲಿ ಜನರನ್ನು ಅತಿ ಹೆಚ್ಚು ಬೇಸ್ತು ಬೀಳಿಸಿದವರು ಚರ್ಚಿಲ್. ರಾಜಕಾರಣಿ ಇಲ್ಲಿ ಯಾಕೆ ಬಂದ ಅನ್ನಬೇಡಿ, 1953ರ ಸಾಹಿತ್ಯದ ನೊಬೆಲ್ ಅವರದೇ. ಹುಟ್ಟುಹಬ್ಬಕ್ಕೆ ಶುಭಾಶಯ ಕಳಿಸಿದ ಸಾವಿರಾರು ಜನರಿಗೆ ಕೈಬರಹದಲ್ಲಿ ಒಂದು ಧನ್ಯವಾದ ಬರೆದು, ಅದನ್ನೇ ಅಚ್ಚು ಹಾಕಿಸಿ ಹಂಚಿದರು. ಎಷ್ಟೋ ಮನೆಗಳಲ್ಲಿ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. ಅದು ಅಚ್ಚು ಅಂತ ಹೇಳುವ ಕೆಲಸ ಹರಾಜಿನವರ ಪಾಲಿಗೆ ಬರುತ್ತದೆ. ಅಂದಹಾಗೆ ಈ ಮಹಾಶಯರ ಅಸಲಿ ಲೆಕ್ಕ ನಮ್ಮ ಬೆಂಗಳೂರು ಕ್ಲಬ್ಬಿನ ಖಾತೆ ಪುಸ್ತಕದಲ್ಲಿದೆ: 13 ರೂಪಾಯಿ ಬಾಕಿ. 1899ರಲ್ಲಿ ವಸೂಲಾಗದ ಸಾಲ ಅಂತ ಬರೆದು ಬಿಟ್ಟಿದ್ದಾರೆ.

ಇನ್ನು ಪೂರ್ತಿ ಪುಸ್ತಕವನ್ನೇ ನಕಲಿ ಮಾಡಿದ ಮಹಾನುಭಾವ ಟಿ.ಜೆ. ವೈಸ್. ತನ್ನ ಕಾಲದಲ್ಲಿ ಇಂಗ್ಲೆಂಡಿನ ದೊಡ್ಡ ಸಂಗ್ರಾಹಕ, ಎಲ್ಲರೂ ಸಲಹೆ ಕೇಳುತ್ತಿದ್ದದ್ದೂ ಅವನನ್ನೇ. ಕವಯಿತ್ರಿ ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್ ಸಾನೆಟ್‌ಗಳ 1847ರ ಖಾಸಗಿ ಮುದ್ರಣ ಅಂತ ಒಂದು ತೆಳು ಪುಸ್ತಕ ಚಲಾವಣೆಯಲ್ಲಿತ್ತು. ಜಾನ್ ಕಾರ್ಟರ್, ಗ್ರಹಾಂ ಪೊಲಾರ್ಡ್ ಅನ್ನುವ ಇಬ್ಬರು ಯುವ ಪುಸ್ತಕ ವ್ಯಾಪಾರಿಗಳು ಅದರ ಕಾಗದ ಪರೀಕ್ಷೆ ಮಾಡಿಸಿದರು. ರಾಸಾಯನಿಕದಲ್ಲಿ ಬೇಯಿಸಿದ ಮರದ ತಿರುಳು ಸಿಕ್ಕಿತು. 1847ರಲ್ಲಿ ಇಂಗ್ಲೆಂಡಿನಲ್ಲಿ ಅಂಥ ಕಾಗದವೇ ಇರಲಿಲ್ಲ! 1934ರಲ್ಲಿ ಇಬ್ಬರೂ ಇಂಥ ಹಲವಾರು ಪುಸ್ತಿಕೆಗಳ ಬಣ್ಣ ಬಯಲು ಮಾಡಿದರು. ವೈಸ್ ಕೊನೆಯವರೆಗೂ ಒಪ್ಪಿಕೊಳ್ಳಲಿಲ್ಲ, 1937ರಲ್ಲಿ ಸತ್ತ. ಆಮೇಲೆ ಇನ್ನೊಂದು ಹೊರಬಂತು. ಬ್ರಿಟಿಷ್ ಮ್ಯೂಸಿಯಂನ ಹಳೇ ನಾಟಕಗಳಿಂದ ಹಾಳೆ ಕಿತ್ತು ತನ್ನ ಪ್ರತಿಗಳಿಗೆ ಸೇರಿಸಿದ್ದ. ಈಗ ವೈಸ್ ಮಾಡಿದ ನಕಲಿಗಳನ್ನೇ ಹುಡುಕಿ ಕೊಳ್ಳುವವರಿದ್ದಾರೆ. ನಾನೂ ಸಿಕ್ಕರೆ ಬಿಡುವವನಲ್ಲ.

ಮೂರನೆಯದು 'ಅಸಲಿ ಎಂಬ ಪ್ರಮಾಣಪತ್ರ'. ಊರು ಹೆಸರಿಲ್ಲದವರು ಕೊಡುವ ಆ ಹೊಳೆಯುವ ಕಾಗದಕ್ಕೆ ಮೂರು ಕಾಸಿನ ಬೆಲೆ ಇಲ್ಲ. ವಸ್ತು ಯಾರ ಮನೆಯಿಂದ ಬಂತು, ಯಾರ ಕೈ ದಾಟಿತು, ಹಳೇ ಬಿಲ್ ಇದೆಯಾ, ಲಕೋಟೆ ಇದೆಯಾ, ಇದನ್ನು ಕೇಳಿ.

ಕುಕ್ಕರಹಳ್ಳಿ

ಲಕೋಟೆ! ಅದನ್ನು ಕೇಳಲೇ ಇಲ್ಲ. ಶನಿವಾರ ಹೋಗಿ ಬರುತ್ತೇನೆ.

ಸಾಧನಕೇರಿ

ಪುಸ್ತಕದ ಸಹಿ ಬಗ್ಗೆ ಒಂದು ಸಣ್ಣ ಗುರುತು. ಕವಿ ಟಿ.ಎಸ್. ಎಲಿಯಟ್ ಪುಸ್ತಕಕ್ಕೆ ಸಹಿ ಹಾಕುವಾಗ ಶೀರ್ಷಿಕೆ ಪುಟದಲ್ಲಿ ಅಚ್ಚಾದ ತಮ್ಮ ಹೆಸರಿನ ಮೇಲೆ ಗೆರೆ ಎಳೆದು, ಅದರ ಕೆಳಗೆ ಸಹಿ ಹಾಕುತ್ತಿದ್ದರು. ಯಾರೋ ಪುಸ್ತಕ ಹಾಳು ಮಾಡಿದ್ದಾರೆ ಅಂತ ಬಿಟ್ಟು ಬರಬೇಡಿ. ವರ್ಜೀನಿಯಾ ವುಲ್ಫ್ ಇಂಕು ನೇರಳೆ. 'ಎ ರೂಮ್ ಆಫ್ ಒನ್ಸ್ ಓನ್' 1929ರಲ್ಲಿ ಬಂದಾಗ 492 ಪ್ರತಿಗಳಿಗೆ ಆ ನೇರಳೆ ಇಂಕಿನಲ್ಲೇ ಸಹಿ ಹಾಕಿದರು.

ಬರ್ನಾರ್ಡ್ ಶಾ ಬಗ್ಗೆ ಹೇಳುವ ಕಥೆಯಂತೂ ಗೊತ್ತೇ ಇರುತ್ತದೆ. ಗೆಳೆಯನಿಗೆ ಗೌರವದಿಂದ ಅಂತ ಬರೆದು ಕೊಟ್ಟ ಪುಸ್ತಕ ಹಳೇ ಪುಸ್ತಕದ ಅಂಗಡಿಯಲ್ಲಿ ಸಿಕ್ಕಿತಂತೆ. ಕೊಂಡುಕೊಂಡು, ಮತ್ತೊಮ್ಮೆ ಗೌರವದಿಂದ ಅಂತ ಬರೆದು ಅವನಿಗೇ ಕಳಿಸಿದರಂತೆ.

ಕಡಲತಡಿ

ಆ ಗೆಳೆಯ ಬುದ್ಧಿವಂತನಾದರೆ ಎರಡನೇ ಸಲ ಇನ್ನೂ ಜಾಸ್ತಿ ಬೆಲೆಗೆ ಮಾರಿರುತ್ತಾನೆ. ಆದರೆ ಶಾ ಬ್ರಿಟಿಷರಾ? ಡಬ್ಲಿನ್‌ನವರಲ್ವಾ?

ಥೇಮ್ಸ್ ದಂಡೆ

ಡಬ್ಲಿನ್‌ನಲ್ಲಿ ಹುಟ್ಟಿ ಹತ್ತೊಂಬತ್ತನೇ ವಯಸ್ಸಿಗೆ ಲಂಡನ್ನಿಗೆ ಬಂದವರು. ಅಂಗಡಿಯವರು ಶಾ, ಐರಿಷ್ ಕವಿ ಯೇಟ್ಸ್ ಇಬ್ಬರನ್ನೂ ಬ್ರಿಟಿಷ್ ಲೇಖಕರ ಜೊತೆ ಒಂದೇ ಕಪಾಟಿನಲ್ಲಿ ಇಡುತ್ತಾರೆ. ಇನ್ನೊಬ್ಬ ಐರಿಷ್ ಕವಿ ಷೇಮಸ್ ಹೀನಿ ಮಾತ್ರ ಇದನ್ನು ಒಪ್ಪಲಿಲ್ಲ. ಬ್ರಿಟಿಷ್ ಕವಿತೆಗಳ ಸಂಕಲನಕ್ಕೆ ತಮ್ಮನ್ನು ಸೇರಿಸಿದಾಗ, ನನ್ನ ಪಾಸ್‌ಪೋರ್ಟ್ ಹಸಿರು (ಅಂದರೆ ಐರ್ಲೆಂಡಿನದು) ಅಂತ 1983ರಲ್ಲಿ ಪದ್ಯದಲ್ಲೇ ಉತ್ತರ ಕೊಟ್ಟರು. ಶಾ ಬರೆದ ಅಂಚೆ ಕಾರ್ಡುಗಳು ಇಲ್ಲಿ ಈಗಲೂ ಆಗಾಗ ಸಿಗುತ್ತವೆ, ಅಷ್ಟು ಬರೆದಿದ್ದಾರೆ. ಆದರೆ ಅಚ್ಚು ಹಾಕಿಸಿಟ್ಟುಕೊಂಡ ಉತ್ತರದ ಕಾರ್ಡುಗಳೂ ಅವರ ಹತ್ತಿರ ಇದ್ದವು. ಕೈಬರಹ ಎಲ್ಲಿದೆ ಅಂತ ನೋಡಿ ಕೊಳ್ಳಿ.

ತಾತನ ಟ್ರಂಕು

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಈಗ ನನ್ನದೊಂದು ಪ್ರಶ್ನೆ. ನಮ್ಮ ತಾತ ತುಮಕೂರು ಕಡೆ ಹೈಸ್ಕೂಲ್ ಮೇಷ್ಟ್ರು. ಬರ್ಟ್ರಂಡ್ ರಸೆಲ್‌ಗೆ ಪತ್ರ ಬರೆದಿದ್ದರು, ಉತ್ತರವೂ ಬಂದಿತ್ತು. 1963ರದ್ದು. ಟೈಪ್ ಮಾಡಿದ್ದು, ಸಹಿ ಇಂಕಿನಲ್ಲಿದೆ. ವೇಲ್ಸ್‌ನ ಪ್ಲಾಸ್ ಪೆನ್ರಿನ್ ವಿಳಾಸ. ಚೀನಾ ಯುದ್ಧದ ವಿಷಯದಲ್ಲಿ ರಸೆಲ್ ನಿಲುವು ತಪ್ಪು ಅಂತ ತಾತ ಜಗಳಕ್ಕೇ ಹೋಗಿದ್ದರು ಅನಿಸುತ್ತದೆ, ಉತ್ತರ ಪೂರ್ತಿ ಒಂದು ಪುಟ ಇದೆ. ಇದೂ ನೀವು ಹೇಳುವ ಲೆಕ್ಕಕ್ಕೆ ಬರುತ್ತದಾ? ರಸೆಲ್ ತತ್ತ್ವಜ್ಞಾನಿ ಅಲ್ಲವೇ?

ಹಳೇಸಂತೆ

ಸ್ವಾಮಿ, ಇಷ್ಟು ಹೊತ್ತು ಇದನ್ನು ಹೇಳದೆ ಕೂತಿದ್ದಿರಾ!

ರಸೆಲ್‌ಗೆ 1950ರಲ್ಲಿ ಸಿಕ್ಕಿದ್ದು ಸಾಹಿತ್ಯದ ನೊಬೆಲ್. ಧಾರಾಳವಾಗಿ ಲೆಕ್ಕಕ್ಕೆ ಬರುತ್ತದೆ. ಅದಕ್ಕಿಂತ ಮುಖ್ಯ, ಆ ಗಡಿ ಜಗಳದಲ್ಲಿ ರಸೆಲ್ ನೆಹರೂಗೂ ಬರೆದಿದ್ದರು, ಚೀನಾ ಪ್ರಧಾನಿ ಚೌ ಎನ್‌ಲಾಯ್‌ಗೂ ಬರೆದಿದ್ದರು. 1963ರಲ್ಲಿ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟು, ಭಾರತ-ಚೀನಾ ಜಗಳ ಎರಡರ ಬಗ್ಗೆಯೂ 'ಅನ್‌ಆರ್ಮ್ಡ್ ವಿಕ್ಟರಿ' ಅನ್ನುವ ಪುಸ್ತಕವನ್ನೇ ತಂದರು. ಅದೇ ವರ್ಷ ತುಮಕೂರಿನ ಮೇಷ್ಟ್ರೊಬ್ಬರಿಗೆ ಅದೇ ವಿಷಯದ ಮೇಲೆ ಒಂದು ಪುಟ ಉತ್ತರ. ಕುಕ್ಕರಹಳ್ಳಿ ಅವರು ಕ್ಷಮಿಸಬೇಕು, ಆಂಟೀಬ್‌ನ ಐದು ಸಾಲಿಗಿಂತ ಇದು ಎಷ್ಟೋ ಮೇಲು.

ಪರೀಕ್ಷೆ ಮಾಡುವುದೂ ಸುಲಭ. ರಸೆಲ್ ತಮ್ಮ ಕಾಗದಪತ್ರಗಳನ್ನೆಲ್ಲ 1968ರಲ್ಲಿ ಕೆನಡಾದ ಹ್ಯಾಮಿಲ್ಟನ್‌ನ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯಕ್ಕೆ ಮಾರಿದರು. ಕಳಿಸಿದ ಪತ್ರಗಳ ಕಾರ್ಬನ್ ಪ್ರತಿಗಳೂ ಅದರಲ್ಲಿವೆ. 'ಬ್ರೇಸರ್ಸ್' ಅನ್ನುವ ಅವರ ಪತ್ರಸೂಚಿ ಇಂಟರ್ನೆಟ್‌ನಲ್ಲೇ ಇದೆ, ತಾತನ ಹೆಸರು ಹಾಕಿ ಹುಡುಕಿ. ನಿಮ್ಮ ತಾತ ಬರೆದ ಮೂಲ ಪತ್ರವೂ ಅಲ್ಲಿ ಇರಬಹುದು.

ಒಂದೇ ಒಂದು ತಕರಾರು. 1960ರ ದಶಕದಲ್ಲಿ ರಸೆಲ್ ಹೆಸರಿನಲ್ಲಿ ಹೊರಟ ಬರಹಗಳಲ್ಲಿ ಎಷ್ಟು ಅವರದು, ಎಷ್ಟು ಸೆಕ್ರೆಟರಿ ರಾಲ್ಫ್ ಶೋನ್‌ಮನ್ ಅವರದು ಎನ್ನುವ ವಾದ ಆಗಿನಿಂದಲೂ ಇದೆ. ಗ್ರೀನ್ ಕಥೆಗಿಂತ ಇದು ಗಂಭೀರ. ಅಲ್ಲಿ ತಂಗಿ ಅಣ್ಣ ಹೇಳಿದ್ದನ್ನು ಟೈಪ್ ಮಾಡಿದರು. ಇಲ್ಲಿ ಮಾತೇ ಯಾರದು ಅನ್ನುವ ಪ್ರಶ್ನೆ.

ತಾತನ ಟ್ರಂಕು

ಹುಡುಕುತ್ತೇನೆ ಸರ್. ಮಾರುವ ಯೋಚನೆ ಇಲ್ಲ. ಪತ್ರದ ಫೋಟೋ ಇಲ್ಲಿ ಹಾಕಬಹುದಾ?

ಥೇಮ್ಸ್ ದಂಡೆ

ಹಾಕಬೇಡಿ, ಸ್ವಲ್ಪ ತಡೆಯಿರಿ. ಕಾಗದ ನಿಮ್ಮದು, ಅದರ ಮೇಲಿನ ಮಾತಿನ ಹಕ್ಕು ಬರೆದವರ ವಾರಸುದಾರರದ್ದು. ಬ್ರಿಟನ್ ಕಾನೂನಿನಲ್ಲಿ ಲೇಖಕ ಸತ್ತ ಮೇಲೆ 70 ವರ್ಷ. ರಸೆಲ್ ಹೋದದ್ದು 1970, ಹಾಗಾಗಿ 2040ರ ಕೊನೆಯವರೆಗೆ. ಗ್ರೀನ್ 1991, ಅವರದು 2061ರ ಕೊನೆಯವರೆಗೆ. ಎಷ್ಟೋ ಹಿಂದೆ ಸತ್ತವರದ್ದೂ ಸಲೀಸಲ್ಲ. ಇದುವರೆಗೂ ಎಲ್ಲೂ ಅಚ್ಚಾಗದ ಡಿಕನ್ಸ್ ಪತ್ರ ಸಿಕ್ಕಿದರೂ ಅದರ ಹಕ್ಕು 2039 ಮುಗಿಯುವವರೆಗೆ ಜೀವಂತ. ಇಲ್ಲಿಯ ಕಾನೂನು ಹಾಗಿದೆ. ವಿಷಯ ಏನು ಅಂತ ನಿಮ್ಮ ಮಾತಿನಲ್ಲಿ ಹೇಳಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ಹಳೇಸಂತೆ

ಭಾರತದ ಕಡೆಯದೂ ಒಂದು ಇದೆ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ, ಸಾಹಿತ್ಯ ಇತಿಹಾಸದ ದೃಷ್ಟಿಯಿಂದ ಬೆಲೆಯುಳ್ಳ ಹಸ್ತಪ್ರತಿ, ದಾಖಲೆ 75 ವರ್ಷ ದಾಟಿದರೆ ಅದು ಪುರಾತನ ವಸ್ತು. ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ನಿಮ್ಮ ಪತ್ರಕ್ಕೆ 2038ರವರೆಗೆ ಆ ತೊಂದರೆ ಇಲ್ಲ. ಆದರೆ ಮನೆಯಲ್ಲಿ ಸ್ವಾತಂತ್ರ್ಯಕ್ಕೆ ಮುಂಚಿನ ಪತ್ರ ಇಟ್ಟುಕೊಂಡು, ಲಂಡನ್ ಹರಾಜಿಗೆ ಕಳಿಸುತ್ತೇನೆ ಅಂತ ಹೊರಡುವವರು ಇದನ್ನು ಓದಿಕೊಂಡಿರಲಿ.

ಆಗುಂಬೆ ಮಳೆ

ಟ್ರಂಕಿನಿಂದ ಮೊದಲು ಆಚೆ ತೆಗೆಯಿರಿ ಮಾರಾಯ್ರೇ. ತಗಡಿನ ಪೆಟ್ಟಿಗೆ ಮಳೆಗಾಲದಲ್ಲಿ ಬೆವರುತ್ತದೆ, ತುಕ್ಕು ಕಾಗದಕ್ಕೆ ಹತ್ತುತ್ತದೆ. ನಮ್ಮ ಕಡೆ ಕಾಗದ ಉಳಿಸುವುದೇ ಒಂದು ಯುದ್ಧ, ಅದಕ್ಕೆ ಹೇಳುತ್ತೇನೆ.

ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಮಾಡಿಸಿದ ಮೇಲೆ ಮುಗಿಯಿತು, ಬಿಡಿಸಲು ಬರುವುದಿಲ್ಲ. ಹರಿದಲ್ಲಿ ಸೆಲ್ಲೋ ಟೇಪ್ ಬೇಡ, ಹತ್ತು ವರ್ಷದಲ್ಲಿ ಅಂಟು ಹಳದಿಯಾಗಿ ಇಂಕನ್ನೂ ತಿನ್ನುತ್ತದೆ. ಆಮ್ಲ ಇಲ್ಲದ ಕಾಗದದ ಫೋಲ್ಡರ್ ಅಥವಾ ಪಾಲಿಯೆಸ್ಟರ್ ಹಾಳೆಯ ಕವರ್ ತರಿಸಿ. ಪಿ.ವಿ.ಸಿ. ಕವರ್ ಬೇಡ. ಮಡಿಸದೆ ಅಗಲಕ್ಕೆ ಇಡಿ. ಪಕ್ಕದಲ್ಲಿ ಸಿಲಿಕಾ ಜೆಲ್ ಪೊಟ್ಟಣ, ಆಗಾಗ ಬದಲಾಯಿಸಬೇಕು. ನಮ್ಮಜ್ಜ ತಾಳೆಗರಿ ಕಟ್ಟಿನ ಜೊತೆ ಬಜೆ ಬೇರು ಇಡುತ್ತಿದ್ದರು. ಅದು ಹುಳಕ್ಕೆ ಒಳ್ಳೆಯದೇ, ಆದರೆ ಬಟ್ಟೆಯಲ್ಲಿ ಕಟ್ಟಿ ದೂರ ಇಡಿ, ಕಾಗದಕ್ಕೆ ತಾಗಬಾರದು. ನುಸಿಗುಳಿಗೆ ನಾನು ಇಡುವುದಿಲ್ಲ. ಕಟ್ಟು ಹಾಕಿಸಿ ಗೋಡೆಗೆ ಹಾಕುವ ಆಸೆ ಇದ್ದರೆ ಕಲರ್ ಜೆರಾಕ್ಸ್ ಹಾಕಿ, ಮೂಲ ಕತ್ತಲೆಯಲ್ಲಿರಲಿ. ಬಿಸಿಲು ಬಿದ್ದರೆ ಸಹಿಯೇ ಮೊದಲು ಮಾಸುವುದು.

ಕುಕ್ಕರಹಳ್ಳಿ

ಹೋಗಿ ಬಂದೆ.

ಲಕೋಟೆ ಇದೆ! ಅಂಗಡಿಯವರು ಬೇರೆ ಫೈಲಿನಲ್ಲಿ ಇಟ್ಟಿದ್ದರು, ಅದಕ್ಕೆ ಬೆಲೆ ಇದೆ ಅಂತ ಅವರಿಗೇ ಅನಿಸಿರಲಿಲ್ಲ. ಹಾಳೆಯ ಮೇಲೆ ಆಂಟೀಬ್ ವಿಳಾಸ, ಲಕೋಟೆಯ ಮೇಲೆ ರಾಣಿಯ ತಲೆ ಇರುವ ಬ್ರಿಟಿಷ್ ಸ್ಟಾಂಪು, ಸಸೆಕ್ಸ್‌ನ ಅಂಚೆ ಮುದ್ರೆ. ಪತ್ರದ ಕೊನೆ ಸಾಲಿಗೂ ಸಹಿಗೂ ನಡುವೆ ಒಂದು ಗೇಣು ಖಾಲಿ ಜಾಗ. ಹಳೇಸಂತೆಯವರು ಹೇಳಿದ ಹಾಗೇ ಇದೆ.

ಪುಸ್ತಕವನ್ನೂ ಕೈಗೆತ್ತಿಕೊಂಡು ನೋಡಿದೆ. ಚೆನ್ನಾಗಿದೆ, ಹೊದಿಕೆಯೂ ಹರಿದಿಲ್ಲ. ಆದರೂ ಪತ್ರವನ್ನೇ ತಗೊಂಡೆ. ಸಹಿ ಮೊದಲೇ ಹಾಕಿದ್ದು ಅಂತ ನಾನು ಹೇಳಿದ ಮೇಲೆ ಅವರು ಒಳಗೆ ಹೋಗಿ ಯಾವುದೋ ಪುಸ್ತಕ ತಿರುವಿ ಬಂದು 290ಕ್ಕೆ ಇಳಿಸಿದರು.

ಕಡಲತಡಿ

ಕಡಿಮೆ ಬೆಲೆಯ ಕಾರಣಕ್ಕಾ ಅಥವಾ ನಿಜವಾಗಿ ಇಷ್ಟವಾಗಿ ತಗೊಂಡದ್ದಾ?

ಕುಕ್ಕರಹಳ್ಳಿ

ಇಷ್ಟವಾಗಿಯೇ. ಬರೀ ಸಹಿ ಇರುವ ಪುಸ್ತಕ ನೂರಾರು ಇರುತ್ತವೆ. ಈ ಹಾಳೆ ಫ್ರಾನ್ಸಿನಲ್ಲಿ ಸಹಿಯಾಗಿ, ಇಂಗ್ಲೆಂಡಿನಲ್ಲಿ ತಂಗಿಯ ಟೈಪ್‌ರೈಟರ್‌ಗೆ ಹೋಗಿ, ಅಲ್ಲಿಂದ ಯಾವುದೋ ಓದುಗರ ಮನೆಗೆ ಹೋಗಿದೆ. ಗ್ರೀನ್ ಕೆಲಸ ಮಾಡಿದ ರೀತಿಯೇ ಅದರಲ್ಲಿ ಕಾಣುತ್ತದೆ. ಹಳೇಸಂತೆಯವರು ಅದನ್ನು ದೋಷ ಅಂದರು, ನನಗೆ ಅದೇ ಹಿಡಿಸಿತು.

ಹಳೇಸಂತೆ

290ಕ್ಕೆ ನನ್ನದೇನೂ ಆಕ್ಷೇಪ ಇಲ್ಲ. ಇನ್ನೊಂದು ಸೇರಿಸಿಕೊಳ್ಳಿ: ಗ್ರೀನ್‌ರನ್ನು ಯುದ್ಧದ ಕಾಲದಲ್ಲಿ ಬ್ರಿಟಿಷ್ ಗುಪ್ತಚರ ಇಲಾಖೆಗೆ ಸೇರಿಸಿದ್ದೂ ಇದೇ ತಂಗಿ. ಆಕೆ ಮೊದಲೇ ಅಲ್ಲಿ ಕೆಲಸಕ್ಕಿದ್ದರು. ನೀವು ಬಿಟ್ಟು ಬಂದ ಆ ಕಾದಂಬರಿ ಗೂಢಚಾರರದ್ದೇ. ದುಡ್ಡಾದಾಗ ಸಹಿ ಇಲ್ಲದ ಪ್ರತಿ ಒಂದು ತಂದು ಜೊತೆಗಿಡಿ.

ಥೇಮ್ಸ್ ದಂಡೆ

ಅಭಿನಂದನೆ. ಬಿಲ್‌ನಲ್ಲಿ ಲಕೋಟೆಯ ವಿಷಯವನ್ನೂ ಬರೆಸಿಕೊಂಡಿದ್ದೀರಿ ತಾನೇ? ಪತ್ರ, ಲಕೋಟೆ ಎರಡೂ ಒಟ್ಟಿಗೆ ಮಾರಿದ್ದು ಅಂತ ಇರಬೇಕು.

ಮೈಸೂರಿಗೆ ತಗೊಂಡು ಹೋಗುವ ಯೋಚನೆ ಇದ್ದರೆ ಬೇಗ ಹೋಗಿ. 50 ವರ್ಷ ದಾಟಿದ ಹಸ್ತಪ್ರತಿ, ಕಾಗದಪತ್ರ ಬ್ರಿಟನ್‌ನಿಂದ ಹೊರಗೆ ಹೋಗಬೇಕಾದರೆ ರಫ್ತು ಲೈಸೆನ್ಸ್ ಬೇಕು. ನಿಮ್ಮದು 1978ರದ್ದು, 2028ಕ್ಕೆ ಐವತ್ತು.

ಕುಕ್ಕರಹಳ್ಳಿ

ಬಿಲ್‌ನಲ್ಲಿ ಲಕೋಟೆ ಇಲ್ಲ! ನಾಳೆ ಅಂಗಡಿಗೆ ಫೋನ್ ಮಾಡಿ ಹೊಸ ಬಿಲ್ ಕೇಳುತ್ತೇನೆ. ದಸರಾಕ್ಕೆ ಊರಿಗೆ ಬರುವವನಿದ್ದೇನೆ, ಆಗಲೇ ತರುತ್ತೇನೆ. ಆಗುಂಬೆಯವರೇ, ಆ ಪಾಲಿಯೆಸ್ಟರ್ ಕವರ್ ಬೆಂಗಳೂರಿನಲ್ಲಿ ಸಿಗುತ್ತದಾ, ಇಲ್ಲಿಂದಲೇ ತರಲಾ?

ಆಗುಂಬೆ ಮಳೆ

ಅಲ್ಲಿಂದಲೇ ತನ್ನಿ. ನಾಲ್ಕು ಜಾಸ್ತಿ ತನ್ನಿ, ತಾತನ ಟ್ರಂಕಿನವರಿಗೂ ಬೇಕಾಗುತ್ತದೆ.